ಪಟ್ಟಿಯಲ್ಲಿಲ್ಲದ ಕುಕುಬಾನೊ

ತೊಂದರೆ ಆರಂಭವಾದದ್ದು ಕ್ಷೌರಿಕ ಚೇಗೊ ತನ್ನ ಕನ್ನಡಿಗೆ ಅಂಟಿಸಿದ್ದ ಪತ್ರಿಕೆಯ ತುಣುಕಿನಿಂದ. ಆ ಸಂಜೆ ಕಾಗ್ವಾಸ್ ಪಟ್ಟಣದ ಚೌಕದಲ್ಲಿ ‘ಕುಕುಬಾನೊ’, ಅಂದರೆ ಮಿಂಚುಹುಳು, ಎಂಬ ಬಾಲಗಾಯಕರ ತಂಡದ ನಲವತ್ತೊಂದು ಮಾಜಿ ಸದಸ್ಯರಿಗೆ ಪದಕಪ್ರದಾನವಿತ್ತು. ಹದಿನಾರು ತುಂಬಿದವನು ತಂಡ ಬಿಡಬೇಕೆಂಬ ನಿಯಮದಿಂದಾಗಿ ಐದೇ ಹುಡುಗರ ತಂಡಕ್ಕೆ ಅಷ್ಟೊಂದು ಮಾಜಿಗಳು. ಬಣ್ಣದಂಗಡಿಯ ಎವರಿಸ್ಟೊ ತುಣುಕಿನಲ್ಲಿದ್ದ ಅವರ ಪಟ್ಟಿಯನ್ನು ಮೂರು ಸಲ ಓದಿದ. ಅವನ ಹೆಸರಿರಲಿಲ್ಲ.

“ಎಲ್ಲಯ್ಯಾ ನಿನ್ನ ಹೆಸ್ರು? ಮೂವತ್ತೆಂಟು ವರ್ಷದಿಂದ ಕೇಳಿ ಕೇಳಿ ನನ್ನ ಕತ್ತರಿಗೂ ನಿನ್ನ ಕತೆ ಬಾಯಿಪಾಠ ಆಗಿದೆ,” ಎಂದ ಚೇಗೊ.

“ಹತ್ತೊಂಬತ್ತು ದಿನ ಇದ್ದೆ ಕಣೋ! ಪೊನ್ಸೆ ಊರಲ್ಲಿ ಹಾಡಿದೀನಿ!”

“ಹಾಡಿದ್ಯೋ, ಪೆಟ್ಟಿಗೆ ಹೊತ್ತಿದ್ಯೋ?”

ಅಂಗಡಿಗೆ ಅಂಗಡಿಯೇ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಎವರಿಸ್ಟೊನ ಹೆಂಡತಿ ನೆರೈದಾ ಮಾತ್ರ ನಗಲಿಲ್ಲ. “ನಿಮ್ಮ ಮುಖ ನೋಡಿ ಮದ್ವೆ ಆಗ್ಲಿಲ್ಲ ನಾನು, ಆ ತಂಡದ ಹೆಸ್ರು ನೋಡಿ ಆಗಿದ್ದು. ಸಂಜೆ ವೇದಿಕೆ ಮೇಲೆ ಕಾಣಿಸ್ದಿದ್ರೆ ಮನೆ ಕಡೆ ತಲೆ ಹಾಕ್ಬೇಡಿ!”

ಎವರಿಸ್ಟೊ ಹಳೆಯ ಫೋಟೊ ತಂದ. ಪಕ್ಕದ ಹುಡುಗನ ಕೂದಲ ಪೊದೆ ಅವನ ಮುಖವನ್ನು ಪೂರ್ತಿ ನುಂಗಿತ್ತು. ಬೆಳ್ಳಿಬಣ್ಣದ ವೇಷದ ಷರಾಯಿ ತಂದ. ಅದು ಮಂಡಿಯ ಬಳಿ ಮುಷ್ಕರ ಹೂಡಿತು. ಚೇಗೊ ಹೊಲಿಗೆ ಬಿಚ್ಚಿ ಉಪಕರಿಸಿದ. ಅರ್ಧ ಬೀದಿ ಮೆರವಣಿಗೆಯಾಗಿ ಪದಕ ಕೊಡುತ್ತಿದ್ದ ಪುರಸಭೆಗೆ ಹೊರಟಿತು.

“ದಾಖಲೆ ಇಲ್ವಾ? ಹಾಗಾದ್ರೆ ಕುಣಿದು ತೋರ್ಸಿ ಯಜಮಾನ್ರೇ,” ಎಂದಳು ಗುಮಾಸ್ತೆ.

ಎವರಿಸ್ಟೊ ಎಡಕ್ಕೆ ಗಿರಕಿ ಹೊಡೆದ. ಷರಾಯಿ ಹಪ್ಪಳ ಮುರಿದಂತೆ ಸದ್ದು ಮಾಡಿತು.

ಒಳಕೋಣೆಯಿಂದ ತಂಡದ ನೃತ್ಯಶಿಕ್ಷಕಿ, ಎಂಬತ್ತರ ಮಿಗ್ದಾಲಿಯಾ, ಕೋಲೂರಿಕೊಂಡು ಬಂದರು. “ಇವ್ನೇ! ನಾಲ್ಕು ಜನ ಬಲಕ್ಕೆ ತಿರುಗಿದ್ರೆ ಇವನೊಬ್ಬ ಎಡಕ್ಕೆ! ನನ್ನ ತಲೆ ನರೆಸಿದ ಪುಣ್ಯಾತ್ಮ!”

ಬೀದಿಯ ಜನ ಚಪ್ಪಾಳೆ ತಟ್ಟಿದರು. ಚೇಗೊ ಟೋಪಿ ತೆಗೆದ. ಎವರಿಸ್ಟೊನ ಕಣ್ಣು ತುಂಬಿತು.

ಮಿಗ್ದಾಲಿಯಾ ಹಳೆಯ ದಾಖಲೆ ಪುಸ್ತಕ ತೆರೆದರು. “ಸೇರಿದ ದಿನ ಇದೆ. ಮಂಗನಬಾವು ಬಂದು ಮನೆಗೆ ಹೋದೆ. ಬಿಟ್ಟ ದಿನ... ಖಾಲಿ. ಅಯ್ಯೋ ಮಗನೇ, ಪದಕ ಮಾಜಿಗಳಿಗೆ. ನೀನು ಮಾಜಿ ಅಲ್ವಲ್ಲ!”

“ಮತ್ತೆ ನಾನೇನು ತಾಯೀ?”

“ಬೀಳ್ಕೊಡುಗೆ ಆಗಿಲ್ಲ, ನೀನಿನ್ನೂ ತಂಡದಲ್ಲೇ ಇದೀಯ. ಹದಿನಾರು ದಾಟಿ ಮೂವತ್ತೇಳು ವರ್ಷ ಉಳ್ಕೊಂಡೋನು ನೀನೊಬ್ನೇ!”

“ಈಗ್ಲೇ ಬಿಡ್ತೀನಿ!”

“ಬಿಡೋನು ಕೊನೇದಾಗಿ ಒಂದು ಪೂರ್ತಿ ಕಾರ್ಯಕ್ರಮ ಕೊಡ್ಬೇಕು. ಅದೂ ನಿಯಮವೇ. ಏಳಕ್ಕೆ ಬಾ. ಹನ್ನೆರಡು ಹಾಡು.”

ಸಂಜೆ ನಲವತ್ತೊಂದು ಮಾಜಿಗಳು ಮೆತ್ತನೆಯ ಕುರ್ಚಿಗಳಲ್ಲಿ ಕುಳಿತು, ಪದಕ ಧರಿಸಿ, ತಂಪು ಎಳನೀರು ಹೀರುತ್ತ, ಐದು ಜನರ ಕುಣಿತವನ್ನು ಒಬ್ಬನೇ ಕುಣಿಯುತ್ತಿದ್ದ ಐವತ್ಮೂರರ ಬಾಲಕನನ್ನು ಕಣ್ತುಂಬ ನೋಡಿದರು. ಹನ್ನೆರಡನೆಯ ಹಾಡು ಮುಗಿದಾಗ ಅವನು ವೇದಿಕೆಯ ಮೇಲೆ ಅಂಗಾತ ಮಲಗಿ, ಏದುಸಿರಿನ ನಡುವೆ ಕೇಳಿದ: “ಈಗ... ಮಾಜಿ ತಾನೇ? ಪದಕ?”

“ಮಾಡ್ಸಿದ್ದೇ ನಲವತ್ತೊಂದು, ಕಂದಾ,” ಎಂದರು ಮಿಗ್ದಾಲಿಯಾ.

ಮೊದಲ ಸಾಲಿನಲ್ಲಿ ನೆರೈದಾ ಕುರ್ಚಿಯ ಮೇಲೇರಿ ನಿಂತು, ಹೆಮ್ಮೆಯಿಂದ ಕೆಂಪಾಗಿ, ಚೌಕಕ್ಕೆಲ್ಲ ಕೇಳುವಂತೆ ಕೂಗಿದಳು: “ಇನ್ನೊಂದ್ಸಲ! ಮೊದಲ್ನಿಂದ!”