ಪಥ್ಯವಿಲ್ಲದ ಮದ್ದು

ನಮ್ಮ ಕಡೆ ಮದ್ದನ್ನು ನಂಬದವರು ಇರಬಹುದು, ಪಥ್ಯವನ್ನು ನಂಬದವರು ಇಲ್ಲ. ಪಂಜದ ಪೇಟೆಯಲ್ಲಿ ಎಷ್ಟೋ ವರ್ಷದಿಂದ ಮೆಡಿಕಲ್ ಇಟ್ಟುಕೊಂಡಿರುವ ನಾನು ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಮಾತ್ರೆಯ ಹೆಸರೇನು, ಅದು ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆ ಎಂದು ನನ್ನ ಗಿರಾಕಿಗಳು ಕೇಳುವುದಿಲ್ಲ. ಅವರ ಮೊದಲ ಪ್ರಶ್ನೆ, “ಇದಕ್ಕೆ ಪಥ್ಯ ಎಂತ?” ಎಂತದೂ ಇಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ಬದನೆ ತಿಂದರೂ ನಂಜಾಗದ, ಒಣಮೀನು ತಿಂದರೂ ಕೋಪಿಸಿಕೊಳ್ಳದ ಮದ್ದು ಒಂದು ಮದ್ದೇ ಅಲ್ಲ ಎಂಬುದು ಊರಿನ ತೀರ್ಮಾನ. ಫಾರ್ಮಸಿ ಓದುವಾಗ ನನಗೆ ಇದನ್ನು ಯಾರೂ ಕಲಿಸಿರಲಿಲ್ಲ.

ನಾನು ಮೊದಲೇ ಚಡಪಡಿಕೆಯ ಮನುಷ್ಯ. ಅಂಗಡಿಯಲ್ಲಿ ನನಗೊಂದು ಸ್ಟೂಲು ಉಂಟು, ಅದರ ಮೇಲೆ ಹೆಚ್ಚಾಗಿ ಕೂರುವುದು ಪಕ್ಕದ ಹೋಟೆಲಿನ ಬೆಕ್ಕು. ಈ ಸಲ ಬೇಸಗೆಯ ಕೊನೆಗೆ ಫ್ರಿಜ್ಜಿನಲ್ಲಿ ಫ್ಲೂ ಲಸಿಕೆ ಬಂದು ಕುಳಿತ ಮೇಲಂತೂ ಕೇಳುವುದೇ ಬೇಡ. ಕರೆಂಟು ಒಮ್ಮೆ ಕಣ್ಣು ಮಿಟುಕಿಸಿದರೆ ಸಾಕು, ನಾನು ಎದ್ದು ಫ್ರಿಜ್ಜಿನ ಮುಂದೆ ನಿಲ್ಲುತ್ತೇನೆ. ಇನ್‌ವರ್ಟರ್ ಇದೆ, ಇನ್‌ವರ್ಟರಿನ ಮೇಲೆ ನಂಬಿಕೆ ಇಲ್ಲ. ಬಾಗಿಲು ತೆರೆದರೆ ತಂಪು ಹೋಗುತ್ತದೆ, ತೆರೆಯದಿದ್ದರೆ ನನ್ನ ಜೀವ ಹೋಗುತ್ತದೆ. ಮಧ್ಯೆ ಮಧ್ಯೆ ಹೊರಗೆ ಬಂದು ಸುಬ್ರಹ್ಮಣ್ಯದ ಕಡೆಯ ಗುಡ್ಡಗಳ ಮೇಲೆ ಮೋಡ ಎಷ್ಟು ಬಂತು ಎಂದು ನೋಡುವುದು ಬೇರೆ.

ಮೋಡಕ್ಕೆ ನಾನು ಹೆದರುವುದಕ್ಕೆ ಕಾರಣ ಉಂಟು. ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಬಂತು. ಬರೀ ಶೀತ ಎಂದುಕೊಂಡದ್ದು ನೋಡನೋಡುತ್ತಾ ಎದೆಗೆ ಇಳಿದು, ಪುತ್ತೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದರು. ಎಂಬತ್ತರ ಹತ್ತಿರದ ಜೀವ. ಹೊರಗೆ ಕಾರಿಡಾರಿನಲ್ಲಿ ನಾನು ಎಷ್ಟು ನಡೆದೆನೆಂದರೆ, ನೆಲ ಒರೆಸುವವಳು ನನ್ನನ್ನು ಬೈದು ಒಂದು ಬೆಂಚಿನ ಮೇಲೆ ಕೂರಿಸಿದಳು. ಆ ಬೆಂಚಿನ ಮೇಲೆ ಕುಳಿತು, ಎಲ್ಲರ ಮದ್ದು ನೋಡುವ ನಾನು ಮನೆಯದನ್ನೇ ನೋಡಲಿಲ್ಲವಲ್ಲ ಎಂದು ಅತ್ತೆ. ಅಮ್ಮ ಗುಣವಾಗಿ ಮನೆಗೆ ಬಂದರು. ಆದರೆ ಮುಂದಿನ ಮಳೆಗೆ ಮೊದಲು ಲಸಿಕೆ ಹಾಕಿಸಲೇಬೇಕೆಂದು ಅಂದೇ ಗಟ್ಟಿ ಮಾಡಿಕೊಂಡೆ.

ಪಕ್ಕದ ಕ್ಲಿನಿಕ್ಕಿನ ಡಾಕ್ಟ್ರಮ್ಮನಿಗೂ ಅದೇ ಆಲೋಚನೆ. “ಸೂಜಿ ಹಾಕುದು ನಾನು, ಒಪ್ಪಿಸುದು ನೀವು,” ಎಂದರು. “ಅಜ್ಜ ಅಜ್ಜಿಯಂದಿರು ತಿಂಗಳು ತಿಂಗಳು ಬಿ.ಪಿ. ಮಾತ್ರೆಗೆ ಬರುದು ನಿಮ್ಮ ಹತ್ತಿರ. ನನ್ನ ಹತ್ತಿರ ಬರುದು ಬಿದ್ದ ಮೇಲೆ.” ನಾನು ಉಮೇದಿನಿಂದ ಶುರು ಮಾಡಿದೆ. ಮೊಟ್ಟೆ ತಿಂದರೆ ಮೈ ತುರಿಸುತ್ತದೆಯೇ, ಈಗ ಜ್ವರ ಉಂಟೇ ಎಂದೆಲ್ಲ ಕೇಳುವುದು, ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು ಎನ್ನುವುದು. ಎಲ್ಲರೂ ತಲೆಯಾಡಿಸಿ ಕೇಳಿ, ಕೊನೆಗೆ ಪಥ್ಯ ಎಂತ ಎನ್ನುವರು. ಪಥ್ಯ ಇಲ್ಲ ಎಂದ ಕೂಡಲೆ, “ಹಾಗಾದರೆ ಇನ್ನೊಮ್ಮೆ ನೋಡುವ,” ಎಂದು ಕೊಡೆ ಹಿಡಿದು ಹೊರಟೇ ಹೋಗುವರು.

ನನ್ನ ತಾಳ್ಮೆ ಹರಿದದ್ದು ಹಸನಬ್ಬ ಬ್ಯಾರಿಗಳ ಎದುರಿಗೆ. ಹಿಂದೆ ಅಡಿಕೆ ವ್ಯಾಪಾರ ಮಾಡುತ್ತಿದ್ದವರು, ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ಲಸಿಕೆ ಯಾರಿಗೆ ಬೇಕೋ ಇಲ್ಲವೋ, ಅವರಿಗೆ ಬೇಕೇ ಬೇಕು. ಅವರೂ ಅದನ್ನೇ ಕೇಳಿದರು.

“ಪಥ್ಯ ಎಂತ ಮಾರಾಯ್ರೆ?”

ಹೊರಗೆ ಗುಡುಗು ಕೇಳಿಸಿತು. ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು, “ಬದನೆ ಆಗ್ಲಿಕ್ಕಿಲ್ಲ. ಹಲಸಿನ ಹಣ್ಣು ಮುಟ್ಟುವ ಹಾಗೇ ಇಲ್ಲ.”

ಬ್ಯಾರಿಗಳ ಮುಖ ಅರಳಿತು. “ಹಾಗೆ ಹೇಳಿ. ಅಷ್ಟು ಪವರ್ ಉಂಟಾ ಇದಕ್ಕೆ?” ಎಂದು ಅಲ್ಲಿಯೇ ಅಂಗಿಯ ತೋಳು ಮಡಚಿದರು. ಕ್ಲಿನಿಕ್ಕಿಗೆ ಹೋಗಿ ಮಡಚಿದರೆ ಸಾಕು ಎಂದು ನಾನೇ ಕರೆದುಕೊಂಡು ಹೋದೆ.

ಅಲ್ಲಿಂದ ಮುಂದೆ ನನ್ನ ಅಂಗಡಿಗೆ ಜನವೋ ಜನ. ಗುತ್ತಿಗಾರಿನಿಂದ ಜೀಪಿನಲ್ಲಿ ಬಂದರು, ಕಡಬದಿಂದ ಬಸ್ಸಿನಲ್ಲಿ ಬಂದರು. ಲಸಿಕೆಯ ಬಗ್ಗೆ ಯಾರಿಗೂ ಸಂಶಯವಿಲ್ಲ, ಸಂಶಯವೆಲ್ಲ ಪಥ್ಯದ್ದು. ಗುಳ್ಳವೂ ಬದನೆಯ ಲೆಕ್ಕವೇ? ಬಕ್ಕೆ ಹಲಸು ಗಟ್ಟಿಯಲ್ಲವೇ, ಅದು ಆಗಬಹುದೇ, ಮೆತ್ತಗಿನ ತುಳುವ ಮಾತ್ರ ಆಗುವುದಿಲ್ಲವೇ? ಹಪ್ಪಳ? ಒಬ್ಬ ಅಜ್ಜಿ, ತಾನು ತಿನ್ನದೆ ಮೊಮ್ಮಕ್ಕಳಿಗೆ ಬಿಡಿಸಿ ಕೊಟ್ಟರೆ ಕೈಯಿಂದ ನಂಜು ಏರುತ್ತದೆಯೇ ಎಂದು ಕೇಳಿದರು. ಶುರು ಮಾಡಿದ ಮೇಲೆ ನಡುನೀರಿನಲ್ಲಿ ಬಿಡುವುದು ಹೇಗೆ? ನಾನೂ ಗಂಭೀರವಾಗಿ ಒಂದೊಂದಕ್ಕೇ ತೀರ್ಪು ಕೊಟ್ಟೆ. ಹಪ್ಪಳಕ್ಕೆ ವಿನಾಯಿತಿ ಇತ್ತು, ಏಕೆಂದರೆ ನನಗೆ ಹಪ್ಪಳ ಇಷ್ಟ.

ಊರಿಗೆಲ್ಲ ಹಾಕಿಸಿ ಬೀಗುತ್ತಾ ಮನೆಗೆ ಹೋಗಿ, “ಅಮ್ಮ, ನಾಳೆ ನಿಮ್ಮ ಸರದಿ,” ಎಂದೆ.

“ಬೊತ್ತು,” ಎಂದರು ಅಮ್ಮ. ನಮ್ಮ ಅರೆಭಾಷೆಯಲ್ಲಿ ಬೇಡ ಎನ್ನುವುದಕ್ಕೆ ಈ ಮಾತು. ಅಮ್ಮನ ಬಾಯಿಂದ ಅದು ಬಂದರೆ ಆಮೇಲೆ ಮಾತಿಲ್ಲ. “ಅದಕ್ಕೆ ಹಲಸಿನ ಹಣ್ಣು ಆಗುದಿಲ್ಲಂತೆ. ವರ್ಷಕ್ಕೊಮ್ಮೆ ಸಿಕ್ಕುವ ಹಣ್ಣು, ಇನ್ನೆಷ್ಟು ವರ್ಷ ತಿನ್ಲಿಕ್ಕುಂಟು ನಂಗೆ? ಮಳೆಗಾಲ ಕಳೀಲಿ, ಮತ್ತೆ ನೋಡುವ.”

ನನಗೆ ಕೂರಲಾಗಲಿಲ್ಲ. ಪಥ್ಯವೇ ಇಲ್ಲ, ಜನರನ್ನು ಒಪ್ಪಿಸಲು ನಾನೇ ಹುಟ್ಟಿಸಿದ್ದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ತಿರುಗಿ ಕೇಳಿದರು.

“ಪಥ್ಯ ನೀನು ಕಟ್ಟಿದ್ದಾದರೆ, ಮದ್ದು ಯಾರು ಕಟ್ಟಿದ್ದು?”

ನಾನು ಡಾಕ್ಟ್ರಮ್ಮನನ್ನೇ ಮನೆಗೆ ಕರೆತಂದೆ. ಅವರು ಚಾ ಕುಡಿದು, ಅಮ್ಮನ ಕೈ ಹಿಡಿದು, ಯಾವ ಪಥ್ಯವೂ ಇಲ್ಲವೆಂದು ಚಂದ ಮಾಡಿ ವಿವರಿಸಿದರು. ಅಮ್ಮ ಎಲ್ಲ ಕೇಳಿ, ಅವರು ಅಂಗಳ ದಾಟುವ ಮೊದಲೇ, “ಪಾಪ, ಸಣ್ಣ ಪ್ರಾಯ. ಗೊತ್ತಿರುದಿಲ್ಲ,” ಎಂದರು. ಗೇಟಿನ ಹತ್ತಿರ ಡಾಕ್ಟ್ರಮ್ಮ ಚಪ್ಪಲಿ ಹಾಕಿಕೊಳ್ಳುತ್ತಾ, “ನಿಮ್ಮ ಬದನೆಕಾಯಿ ನನ್ನ ಡಿಗ್ರಿಯನ್ನೇ ತಿಂದು ಹಾಕಿತು ಮಾರಾಯ್ರೆ. ನಾಳೆ ಬೇರೆ ಮದ್ದಿಗೂ ನಿಮ್ಮನ್ನು ನಂಬದಿದ್ದರೆ ಎಂತ ಮಾಡುದು?” ಎಂದರು. ನಗುತ್ತಲೇ ಹೇಳಿದರು, ಆದರೆ ನನಗೆ ಸರಿಯಾಗಿ ತಾಗಿತು.

ಮಾರನೆಯ ದಿನದಿಂದ ಅಂಗಡಿಯಲ್ಲಿ ಪಥ್ಯ ಇಲ್ಲ ಎಂದೇ ಹೇಳತೊಡಗಿದೆ. ಯಾರೂ ನಂಬುವುದಿಲ್ಲ. ಅಷ್ಟರಲ್ಲಿ ಮೊದಲ ಮಳೆ ಬಂತು. ಲಸಿಕೆ ಮೈಗೆ ಹಿಡಿಯಲು ಎರಡು ವಾರವಾದರೂ ಬೇಕು. ಸಂಜೆ ಜಗಲಿಯಲ್ಲಿ ಆಚೆ ಈಚೆ ನಡೆಯುತ್ತಿದ್ದೆ. ಅಮ್ಮ ತೇಗದ ಎಲೆಯಲ್ಲಿ ಬೇಯಿಸಿದ, ಗಟ್ಟಿ ಎಂಬ ಹಲಸಿನ ಕಡುಬು ತಿನ್ನುತ್ತಾ ಕುಳಿತಿದ್ದರು.

“ಎಂತ ನಿಂಗೆ? ಒಂದು ಕಡೆ ಕೂರ್ಲಿಕ್ಕೆ ಆಗುದಿಲ್ಲವಾ?”

“ಹೆದರಿಕೆ ಅಮ್ಮ,” ಎಂದೆ. “ಪುತ್ತೂರಿನಲ್ಲಿ ನಿಮ್ಮನ್ನು ಹಾಗೆ ನೋಡಿದ್ದೇನಲ್ಲ, ಇನ್ನೊಂದು ಸಲ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಅಮ್ಮ ಗಟ್ಟಿ ಮುಗಿಸಿ, ಎಲೆ ಮಡಚಿ, ಕೈ ತೊಳೆದು ಬಂದರು. “ಆಯ್ತು. ಸೂಜಿ ನಾನು ಚುಚ್ಚಿಸಿಕೊಳ್ತೇನೆ. ಆದರೆ ಪಥ್ಯ ಯಾರಾದರೂ ಒಬ್ಬರು ಹಿಡೀಲೇಬೇಕು. ಅದು ನೀನು ಹಿಡಿ. ಬದನೆ, ಹಲಸು ಎರಡೂ ಬಿಡು, ಮಳೆ ಮುಗಿಯುವವರೆಗೆ.”

ಹೀಗೆ ಅಮ್ಮ ಲಸಿಕೆ ಹಾಕಿಸಿಕೊಂಡು ಬಂದು ಹಲಸಿನ ಹಣ್ಣು ತಿಂದರು, ನಾನು ನೋಡಿದೆ. ನಗುತ್ತಲೇ ಶುರು ಮಾಡಿದ ಪಥ್ಯ. ಆಟಿ ತಿಂಗಳ ಮಳೆ ಹೊಯ್ಯುವಷ್ಟು ಹೊಯ್ದು ಹೋಯಿತು, ಅಮ್ಮನಿಗೆ ಒಂದು ಶೀತವೂ ಇಲ್ಲ. ಬಂದವರ ಹತ್ತಿರವೆಲ್ಲ, “ನನ್ನ ಮಗ ಪಥ್ಯ ಸರಿಯಾಗಿ ಹಿಡಿದ,” ಎಂದರು. ನಾನು ಲಸಿಕೆಯ ವಿಷಯ ಎತ್ತಿದರೆ ಎಲ್ಲರೂ ನನ್ನ ವಿನಯಕ್ಕೆ ತಲೆದೂಗಿದರು.

ಮೊನ್ನೆ ಸುಳ್ಯದಲ್ಲಿ ನೆಂಟರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಊಟಕ್ಕೆ ಕೂತು ಮಾತಿನ ಭರದಲ್ಲಿ ಸಾಂಬಾರು ಕಲಸಿ ಉಂಡೆ. ಸಂಜೆ ಮನೆಗೆ ಬಂದು ಕೊಡೆ ಮಡಚುತ್ತಿರುವಾಗ ಒಳಗೆ ಅಮ್ಮ ಒಂದು ಸಲ ಕೆಮ್ಮಿದರು. ಒಂದೇ ಸಲ, ಅದೂ ಒಗ್ಗರಣೆಯ ಘಾಟಿಗೆ. ಫಾರ್ಮಸಿ ಓದಿದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆ ಸಾಂಬಾರಿನಲ್ಲಿ ಮೆತ್ತಗೆ ಬಾಯಿಗೆ ಸಿಕ್ಕಿದ ಹೋಳು ಕುಂಬಳವೋ ಗುಳ್ಳಬದನೆಯೋ ಎಂದು ನೆನಪಿಸಿಕೊಳ್ಳುತ್ತಾ ಬಹಳ ಹೊತ್ತು ಒಳಗೆ ಹೋಗಲೇ ಇಲ್ಲ.