ಎದೆಗೆ ತೂತು, ಹಂಸಕ್ಕೆ ಕಣ್ಣು

ನಮ್ಮ ಯಜಮಾನರಿಗೆ ಎದೆನೋವು ಬಂದಾಗಿನಿಂದ ನಮ್ಮ ಮನೇಲಿ ನಗು ನಿಂತೇ ಇಲ್ಲ. ನಗಬಾರದು ಅಂತ ಬಾಯಿಗೆ ಸೆರಗು ಒತ್ತಿಕೊಂಡಷ್ಟೂ ಇನ್ನೊಂದು ಬಂದು ಒಕ್ಕರಿಸುತ್ತದೆ.

ಕೊಳ್ಳೇಗಾಲದಲ್ಲಿ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವರು ಅವರು. ಊರ ಹೆಣ್ಣುಮಕ್ಕಳಿಗೆಲ್ಲ ನೇಯ್ದರು, ನನಗೆ ಮಾತ್ರ ಒಂದೂ ಇಲ್ಲ. ಕೇಳಿ ಕೇಳಿ ನನ್ನ ತಲೆ ಬೆಳ್ಳಗಾದ ಮೇಲೆ, ಅಂಚಿನಲ್ಲಿ ಹಂಸದ ಸಾಲಿರೋ ಸೀರೆಯೊಂದನ್ನ ಮಗ್ಗಕ್ಕೆ ಏರಿಸಿದರು. ಅರ್ಧ ನೇಯ್ದಿದ್ದರು ಅಷ್ಟೇ, ಲಾಳಿ ಕೈಬಿಟ್ಟು ಎದೆ ಹಿಡ್ಕೊಂಡು ಕೂತುಬಿಟ್ಟರು. ಆಮೇಲೆ ನಾಕು ಹೆಜ್ಜೆ ನಡೆದರೂ ನೋವು. ಈ ಮನುಷ್ಯನ್ನ ಉಳಿಸಿಕೊಡಪ್ಪ ಮಾದಪ್ಪ ಅಂತ ಹರಕೆ ಹೊತ್ತೆ. ಸೀರೆ ವಿಚಾರ ಆಮೇಲೆ ಕೇಳ್ಕೊತೀನಿ ಅಂತಲೂ ಸೇರಿಸಿದೆ.

ನಕ್ಷೆ ಎಲ್ಲಿ?

ಮೈಸೂರಿನ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಹೃದಯದ ರಕ್ತನಾಳಗಳು ಪೂರಾ ಕಟ್ಟಿಕೊಂಡಿವೆ, ಸಣ್ಣ ಸಣ್ಣವು ಬೇರೆ, ಬೈಪಾಸಿಗೂ ಆಗಲ್ಲ, ಸ್ಟೆಂಟಿಗೂ ಆಗಲ್ಲ ಅಂದರು. ಲೇಸರ್ ಬೆಳಕಿನಿಂದ ಹೃದಯದ ಮಾಂಸಕ್ಕೇ ಸಣ್ಣ ಸಣ್ಣ ತೂತು ಹೊಡೀತೀವಿ, ನೋವು ಬರಬರ್ತಾ ಕಮ್ಮಿ ಆಗುತ್ತೆ ಅಂತಲೂ ಹೇಳಿದರು.

ನಾನು ಮಾದಪ್ಪನ ಹೆಸರು ಹೇಳ್ಕೊಂಡು ಕಣ್ಣು ಮುಚ್ಚಿದೆ. ನಮ್ಮೋರು ಮಾತ್ರ ನೆಟ್ಟಗೆ ಕೂತರು. ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳು ಸಾಲಾಗಿ ತೂಗಾಡ್ತಾ ಸುತ್ತಿ ಸುತ್ತಿ ಬರ್ತಿರ್ತವೆ, ಆ ತೂತು ಹೇಳಿದಂಗೇ ಸೀರೆಯಲ್ಲಿ ಹೂವು ಹಕ್ಕಿ ಬೀಳೋದು. ಒಂದು ತೂತು ತಪ್ಪಿದರೂ ಕಾರ್ಡು ಹೊಡೆಯೋನ ವಂಶವನ್ನೇ ಬಯ್ತಿದ್ದ ಜನ ಇವರು.

"ನಕ್ಷೆ ಎಲ್ಲದೆ ತಾಯಿ? ಯಾವ ಸಾಲಲ್ಲಿ ಎಷ್ಟು ತೂತು ಅಂತ ಮೊದ್ಲು ತೋರ್ಸಿ, ಆಮೇಲೆ ಒಡೀರಿ."

ಡಾಕ್ಟರಮ್ಮ ನಕ್ಕರು. "ಒಂದು ತೂತು ಅತ್ತಿತ್ತ ಆದ್ರೆ ಏನೂ ಆಗಲ್ಲ ಯಜಮಾನ್ರೇ. ರಕ್ತ ಓಡಾಡಿದ್ರೆ ಸಾಕು."

ಆಪರೇಷನ್ನಿಗೆ ಹೆದರದ ಮನುಷ್ಯ ಆ ಮಾತಿಗೆ ಹೆದರಿ, "ಲೇ, ಬೇರೆ ಡಾಕ್ಟ್ರುನ್ನ ನೋಡಣ ನಡಿ, ಇವ್ರ ಕೆಲ್ಸ ಅಚ್ಚುಕಟ್ಟಿಲ್ಲ" ಅಂದರು.

ಬೇವಿನ ಕಡ್ಡಿ

ಹೇಗೋ ಒಪ್ಪಿಸಿ ಆಪರೇಷನ್ ಆಯಿತು. ರಕ್ತ ಸೋರಲ್ವಾ ಅಂತ ಕೇಳಿದ್ದಕ್ಕೆ, ಹೊರಗಡೆ ತೂತುಗಳನ್ನ ಬೆರಳಲ್ಲಿ ಒತ್ತಿ ಹಿಡಿದರೆ ಅವು ತಾವೇ ಮುಚ್ಕೋತವೆ ಅಜ್ಜಿ ಅಂದರು ಡಾಕ್ಟರಮ್ಮ.

ಮುಚ್ಕೋತವೆ ಅಂದರೆ? ಅಷ್ಟು ಕಷ್ಟಪಟ್ಟು ಹೊಡೆದದ್ದು ದಂಡವೇ? ಹೆಣ್ಣುಮಗುವಿಗೆ ಕಿವಿ ಚುಚ್ಚಿದರೆ, ತೂತು ಮುಚ್ಚದಿರಲಿ ಅಂತ ಬೇವಿನ ಕಡ್ಡಿ ಇಡೋದು ನಮಗೆ ಗೊತ್ತು, ಇಷ್ಟು ಓದಿದವರಿಗೆ ಗೊತ್ತಿಲ್ಲ. ಮುಳ್ಳೂರಿನಿಂದ ನೋಡೋಕೆ ಬಂದ ತಮ್ಮನ ಕೈಲಿ ಎಳೇ ಕಡ್ಡಿ ತರಿಸಿ, ನೀಟಾಗಿ ಮುರಿದು, ಬಟ್ಟೇಲಿ ಸುತ್ತಿ ಒಯ್ದು ಕೊಟ್ಟೆ.

ನರ್ಸಮ್ಮ ಅದನ್ನ ಇಸ್ಕೊಂಡು, ಯಜಮಾನ್ರು ಹಲ್ಲುಜ್ಜೋಕೆ ಪೇಸ್ಟೇ ಸಾಕು ಅಜ್ಜಿ ಅಂದಳು.

ಸೋರಿದ್ದು

ಮನೆಗೆ ಬಂದಾಗ ಯಳಂದೂರಿನ ನಾದಿನಿ ಆರೈಕೆಗೆ ಅಂತ ಬಂದಳು. ತೂತು ಬಿದ್ದ ಮಡಕೆಗೆ ಯಾರಾದರೂ ನೀರು ತುಂಬ್ತಾರಾ ಅಂತ ಅವಳ ವಾದ. ಡಾಕ್ಟರು ಬರೆದುಕೊಟ್ಟ ಚೀಟಿ ಓದಿಸಿದರೂ ಕೇಳಲಿಲ್ಲ. ಅಣ್ಣನಿಗೆ ಗಟ್ಟಿ ಮುದ್ದೆ ಇಕ್ಕಿದಳು, ಸಾರು ನಾಕೇ ಹನಿ. ಬೆಳಗೆದ್ದು ಅಣ್ಣನ ಅಂಗಿ ಮುಟ್ಟಿ ನೋಡೋದು ಬೇರೆ.

ಮೂರನೇ ದಿನ ಅಂಗಿ ಎದೆಯ ಹತ್ತಿರ ಒದ್ದೆ. "ಸೋರೋಯ್ತು ಕಣತ್ಗೆ, ನಮ್ಮಣ್ಣ ಸೋರೋದ" ಅಂತ ಎದೆ ಬಡ್ಕೊಂಡಳು. ಬೀದಿಗೆ ಬೀದಿಯೇ ಬಂತು. ನಾನು ಮೂಸಿ ನೋಡಿದೆ. ಸೋರಿದ್ದು ಹೃದಯ ಅಲ್ಲ, ತಂಗಿಯ ಕಣ್ಣು ತಪ್ಪಿಸಿ ಗಟಗಟ ಕುಡಿದ ಕಾಫಿ.

ಕುರುಡು ಹಂಸ

ತಿಂಗಳುಗಳು ಉರುಳಿದವು, ನೋವು ಇಳೀತಾ ಬಂತು. ಡಾಕ್ಟರಮ್ಮನ ಅಪ್ಪಣೆ ಪಡೆದು ಮತ್ತೆ ಮಗ್ಗಕ್ಕೆ ಕೂತರು, ದಿನಕ್ಕೆ ಅರ್ಧ ಗಂಟೆ. ಅಷ್ಟರಲ್ಲಿ ಇಲಿ ಒಂದು ಕಾರ್ಡನ್ನ ತಿಂದು ಹಾಕಿತ್ತು. ಹೊಸದನ್ನ ತಮ್ಮ ಕೈಯಾರೆ ಹೊಡೆದು ಕಟ್ಟಿದರು. ಒಂದು ದಿನ ಲಾಳಿ ಸದ್ದು ಥಟ್ಟನೆ ನಿಂತಿತು, ಓಡಿ ಹೋಗಿ ನೋಡಿದರೆ ಸೀರೆ ಮುಗಿದಿತ್ತು.

ಮುಂದಿನ ತಪಾಸಣೆಗೆ ಅದನ್ನೇ ಉಟ್ಟುಕೊಂಡು ಹೋದೆ. ಡಾಕ್ಟರಮ್ಮ ನಮ್ಮೋರ ಎದೆ ನೋಡಿ, ಚೆನ್ನಾಗಿದೆ ಅಂದರು. ಆಮೇಲೆ ನನ್ನ ಸೀರೆ ಅಂಚು ಹಿಡಿದು ನೋಡ್ತಾ ನೋಡ್ತಾ, "ಯಜಮಾನ್ರೇ, ಇಲ್ಲೀವರೆಗೂ ಹಂಸಕ್ಕೆ ಕಣ್ಣಿದೆ. ಇಲ್ಲಿಂದಾಚೆ ಒಂದಕ್ಕೂ ಇಲ್ವಲ್ಲ?" ಅಂದರು.

ನಾನೂ ಅದನ್ನ ಗಮನಿಸಿದ್ದು ಆಗಲೇ. ಹೊಸ ಕಾರ್ಡಿನಲ್ಲಿ ಒಂದು ತೂತು ತಪ್ಪಿತ್ತು.

ನಮ್ಮೋರು ಅಂಗಿ ಗುಂಡಿ ಹಾಕ್ಕೊಳ್ತಾ ಹೇಳಿದರು: "ಒಂದ್ ತೂತು ಅತ್ತಿತ್ತ ಆದ್ರೆ ಏನೂ ಆಗಲ್ಲ ತಾಯಿ. ಉಟ್ಕಂಡು ಓಡಾಡಿದ್ರೆ ಸಾಕು."