ಮಗಳ ಜ್ವರ, ಬಾಗಿಲ ಬೇವು

ಊರಿಗೆಲ್ಲ ಧೈರ್ಯ ಹೇಳುವವನ ಹತ್ತಿರ ತನಗೆ ಬೇಕಾದಾಗ ಚಿಟಿಕೆಯಷ್ಟೂ ಧೈರ್ಯ ಉಳಿದಿರುವುದಿಲ್ಲ. ಇದು ನನ್ನ ಸ್ವಂತ ಅನುಭವ. ನಾನು ಕೊರ್ಲಹಳ್ಳಿಯ ಶಾಲೆಗೆ ಮಾಸ್ತರನಾಗಿ ಹೋದ ಕಾಲಕ್ಕೆ ಸಿಡುಬಿನ ಲಸಿಕೆಗೆ ‘ದೇವಿ ಹಾಕುವುದು’ ಎನ್ನುತ್ತಿದ್ದರು. ರೋಗವೇ ಬಂದರೆ ‘ದೇವಿ ಬಂದಳು’ ಎನ್ನುತ್ತಿದ್ದರು. ದೇವಿ ಹಾಕುವವನು ಬರುತ್ತಾನೆಂಬ ಸುದ್ದಿ ಹಬ್ಬಿದರೆ ಸಾಕು, ತಾಯಂದಿರು ಕೂಸುಗಳನ್ನೆತ್ತಿಕೊಂಡು ಜೋಳದ ಹೊಲ ಸೇರುತ್ತಿದ್ದರು. ನಾನು ಮನೆಮನೆಗೆ ಹೋಗಿ, “ತೋಳು ಬಾತು ಜ್ವರ ಬರ್ತೈತಿ, ಹೋಗ್ತೈತಿ. ಅಂಜಬ್ಯಾಡ್ರವ್ವಾ” ಎಂದು ಉಪದೇಶ ಮಾಡುತ್ತಿದ್ದೆ. ಮಾದರಿಯಾಗಲೆಂದು ನನ್ನ ನಾಲ್ಕು ವರ್ಷದ ಮಗಳು ಶಾಂತಳ ತೋಳನ್ನೇ ಎಲ್ಲರಿಗಿಂತ ಮೊದಲು ಮುಂದೆ ಮಾಡಿದೆ. ಅವಳು ಅತ್ತಳು, ನಾನು ನಕ್ಕೆ. ಆಗ ಹೆಂಡತಿ ಪಕ್ಕದಲ್ಲಿದ್ದಳು, ನಗುವುದು ಸುಲಭವಾಗಿತ್ತು.

ಆ ವಾರವೇ ಬೆಟಗೇರಿಯಿಂದ ಅತ್ತೆಗೆ ಬಹಳ ಬೇನೆಯೆಂದು ಖಬರು ಬಂತು. ಹಸಿ ಗಾಯದ ಮಗುವನ್ನು ಧೂಳಿನ ದಾರಿಯಲ್ಲಿ ಒಯ್ಯುವುದು ಬೇಡವೆಂದು ಹೆಂಡತಿ ಒಬ್ಬಳೇ ಹೊರಟಳು. “ಜ್ವರ ಬಂದ್ರ ತೆಳ್ಳನ ಅರಿವಿ ಹಾಕ್ರಿ. ಉಗುರುಬೆಚ್ಚನ ನೀರಾಗ ಅರಿವಿ ಅದ್ದಿ ಮೈ ಒರಸ್ರಿ. ಗಂಜಿ ಕುಡಸ್ರಿ. ತೋಳು ಕೆರಕೊಳ್ಳಾಕ ಬಿಡಬ್ಯಾಡ್ರಿ” ಎಂದಳು. “ಇದನ್ನೆಲ್ಲಾ ಊರಿಗೆ ಹೇಳಾಂವ ನಾನಽ ಅಲ್ಲೇನು?” ಎಂದೆ.

ಮರುದಿನ ಬೆಳಿಗ್ಗೆ ಶಾಂತಳ ಮೈ ಕೆಂಡವಾಗಿತ್ತು. ನನಗೆ ಒಂದು ಮಾತೂ ನೆನಪಾಗಲಿಲ್ಲ. ಇದ್ದ ಎರಡು ಕಂಬಳಿಗಳನ್ನೂ ಹೊದಿಸಿದೆ. ಚಿಕ್ಕಂದಿನಲ್ಲಿ ನಮಗೆ ಜ್ವರದಿಂದ ಮೈ ಸುಡುವಾಗ ಅವ್ವ ಮಾಡುತ್ತಿದ್ದುದು ನೆನಪಾಗಿ, ಹಿತ್ತಲಿನ ಬೇವಿನ ಟೊಂಗೆ ಮುರಿದು ತಂದು ಬಾಗಿಲಿಗೆ ಕಟ್ಟಿದೆ. ನೊಣ ಬರುವುದಿಲ್ಲ ಎಂಬುದು ನನಗೆ ನಾನೇ ಹೇಳಿಕೊಂಡ ವೈಜ್ಞಾನಿಕ ಕಾರಣ.

ನೊಣದ ಮಾತು ಹಾಗಿರಲಿ, ಮನುಷ್ಯರೇ ಬರಲಿಲ್ಲ. ಹಾಲಿನ ನೀಲವ್ವ ತಂಬಿಗೆಯನ್ನು ಅಂಗಳದಾಚೆಗೇ ಇಟ್ಟು ಭಕ್ತಿಯಿಂದ ಕೈಮುಗಿದಳು. ನನಗೇ ಮುಗಿದಳೆಂದು ತಿಳಿದು ನಾನೂ ಮುಗಿದೆ. ಶಾಲೆಯ ಹುಡುಗರು ನನ್ನ ಮನೆಯ ಮುಂದೆ ಬಂದಾಗ ದನಿ ತಗ್ಗಿಸಿ ಸರಸರ ದಾಟಿದರು. ದೇವಿ ಹಾಕಿಸಿದ್ದಕ್ಕೆ ಊರು ಸಿಟ್ಟಾಗಿದೆ ಎಂದುಕೊಂಡೆ. ನಮ್ಮೂರ ಹೊಳೆಯ ಈ ದಂಡೆ ಮುಂಬಯಿ ಸರಕಾರದ್ದು, ಆ ದಂಡೆ ಮದ್ರಾಸಿನದು. ಎರಡೂ ಕೂಡಬೇಕು, ಕನ್ನಡಿಗರೆಲ್ಲ ಒಂದಾಗಬೇಕು ಎಂದು ಚಾವಡಿಯಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದವನು ನಾನು. ಈಗ ಪಕ್ಕದ ಮನೆಯವರೇ ಸೊಂಟದೆತ್ತರದ ಗೋಡೆ ದಾಟಿ ಬರಲೊಲ್ಲರು. ಅಂಥ ಒಂಟಿತನ ನನಗೆ ಎಂದೂ ಆಗಿರಲಿಲ್ಲ. ಮಗಳು “ಅವ್ವಾ, ಅವ್ವಾ” ಎಂದು ನರಳುತ್ತಿದ್ದಳು. ಕರೆಯಲು ಅವಳಿಗಾದರೂ ಒಬ್ಬರಿದ್ದರು.

ಮಧ್ಯಾಹ್ನ ಹೊಟ್ಟೆ ಕೇಳಬೇಕಲ್ಲ, ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಚಟಪಟ ಎಂದದ್ದೇ ತಡ, ಪಕ್ಕದ ಮನೆಯ ಬಸವ್ವ ಗೋಡೆಯ ಮೇಲಿಂದ ಕೂಗಿದಳು:

“ಮಾಸ್ತರ್ರಽ! ದೇವಿ ಬಂದ ಮನ್ಯಾಗ ಎಣ್ಣಿ ಕಾಸ್ತಾರೇನ್ರಿ?”

“ದೇವಿ ಎಲ್ಲಿ ಬಂದಾಳಬೇ? ಇದು ಹಾಕಿಸಿದ್ದರ ಜ್ವರ ಅಷ್ಟಽ.”

“ಹಂಗಾರ ಬಾಗಲಕ್ಕ ಬೇವು ಯಾಕ ಕಟ್ಟೀರಿ? ಬೇವು ಕಟ್ಟಿದ ಮನಿಗೆ ಮಂದಿ ಹೆಂಗ ಬರಬೇಕ್ರಿ? ಮುಂಜಾನಿಂದ ಊರೆಲ್ಲಾ ಮರಗಾಕತ್ತೈತಿ.”

“ನೊಣಕ್ಕ” ಎಂದೆ.

ಟೊಂಗೆ ಕಿತ್ತೆಸೆದೆ. ನೋಡನೋಡುತ್ತ ಮನೆ ತುಂಬಿತು. ಒಬ್ಬಳು ಗಂಜಿ ತಂದಳು, ಇನ್ನೊಬ್ಬಳು ದೃಷ್ಟಿ ತೆಗೆದಳು. ಬಸವ್ವ ತನ್ನ ಮನೆಯ ಕಂಬಳಿಯನ್ನೂ ತಂದು ಹೊದಿಸಲು ಬಗ್ಗಿದಳು. ನಾಲಿಗೆಗೆ ರೂಢಿಯಾದ ಉಪದೇಶ ತಾನಾಗಿ ಹೊರಬಿತ್ತು: “ಛೇ, ಜ್ವರ ಬಂದ ಕೂಸಿಗೆ ಕಂಬಳಿ ಹೊದಸಬಾರದವ್ವಾ! ತೆಳ್ಳನ ಅರಿವಿ ಹಾಕಿ, ಉಗುರುಬೆಚ್ಚನ ನೀರಾಗ…” ಹೆಂಗಸರೆಲ್ಲ ಶಾಂತಳ ಮೇಲಿದ್ದ ಎರಡು ಕಂಬಳಿಗಳನ್ನು ನೋಡಿದರು. ನಾನೂ ಆಗಲೇ ಅವುಗಳನ್ನು ನೋಡಿದ್ದು. ಕಂಬಳಿ ತೆಗೆದು, ಮೈ ಒರೆಸಿ, ಗಂಜಿ ಕುಡಿಸಿದೆವು. ಸಂಜೆಗೆ ಮಗಳ ಹಣೆ ಬೆವರಿತು. ನನ್ನ ಜೀವ ಮರಳಿ ಬಂತು.

ಅತ್ತೆ ಚೇತರಿಸಿಕೊಂಡ ಮೇಲೆ ಹೆಂಡತಿ ಬಂದಳು. ಆ ಹೊತ್ತಿಗೆ ತೋಳಿನ ಹಕ್ಕಳೆಯೂ ಉದುರಿತ್ತು.

“ಒಬ್ಬರಽ ಇದ್ರಿ, ಅಂಜಿದ್ರೇನು?” ಎಂದಳು.

“ಅಂಜೂದು ಯಾತಕ್ಕ? ನೀ ಹೇಳಿದಂಗ ಮಾಡಿದೆ, ಆತು.”

ಶಾಂತ ಅವ್ವನ ತೊಡೆಯೇರಿ ಕೂತು ಹೇಳಿದಳು: “ಅವ್ವಾ, ಅಪ್ಪಗ ಭಾಳ ಜ್ವರ ಬಂದಿತ್ತು. ಅಳಾಕತ್ತಿದ್ದ. ನಾನಽ ಹಣಿ ಮ್ಯಾಲೆ ಹಸಿ ಅರಿವಿ ಹಾಕಿದೆ.”

ಹೆಂಡತಿ ನನ್ನ ಕಡೆ ತಿರುಗಿದಳು. ಶಾಲೆಗೆ ಹೊತ್ತಾಯಿತೆಂದು ನಾನು ಟೊಪ್ಪಿಗೆ ಹಾಕಿಕೊಂಡು ಹೊರಟುಬಿಟ್ಟೆ. ಅಂದು ರವಿವಾರ.